ಕುಂಟು ಕರು, ಕೆಲಸದ ನಾಯಿ ಮತ್ತು ಉಪಯೋಗದ ಅಳತೆಗೋಲು

ಅಂಗವೈಕಲ್ಯದ ಮಾತು ಬೇರೆ, ಪ್ರಾಣಿಗಳನ್ನು ನಾವು ನಡೆಸಿಕೊಳ್ಳುವ ಮಾತು ಬೇರೆ ಎಂದೇ ಬಹುಕಾಲ ತಿಳಿಯಲಾಗಿತ್ತು. ಎರಡನ್ನೂ ಒಟ್ಟಿಗಿಟ್ಟು ಯೋಚಿಸುವ ಚಿಂತನೆ ಬೆಳೆದ ಜಾಗಗಳಲ್ಲಿ ಹಲವು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತಲೇ ಇವೆ. ಕನ್ನಡದ ಮನೆಗಳು ಸಾಕಷ್ಟಿರುವ ಸನ್ನಿವೇಲ್‌ನಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಲಾಸ್ ಗ್ಯಾಟೋಸ್. ಅಂಧರಿಗೆ ದಾರಿ ತೋರುವ ನಾಯಿಗಳ ಶಾಲೆಯೊಂದು 1942ರಲ್ಲಿ ಅಲ್ಲಿ ಹುಟ್ಟಿತು. ಕೊಲ್ಲಿಯ ಆಚೆ ದಡದಲ್ಲಿ ಬರ್ಕ್ಲಿ. ಗಾಲಿಕುರ್ಚಿಯಲ್ಲಿ ಕೂತವರು ಹಕ್ಕಿನ ಭಾಷೆ ಮಾತಾಡಲು ಕಲಿತ ಊರುಗಳಲ್ಲಿ ಅದೂ ಒಂದು. ಇನ್ನು ಸನ್ನಿವೇಲ್‌ನ ನೆಲದಡಿಯ ನೀರಿನಲ್ಲಿ ಚಿಪ್ ಕಾರ್ಖಾನೆಗಳು ಬಿಟ್ಟುಹೋದ ದ್ರಾವಕವೊಂದಿದೆ. ಅದರ ಕಥೆ ಅರಿಜೋನಾದ ಮರುಭೂಮಿಗೂ ತಾಗುತ್ತದೆ, ಕಾಸರಗೋಡಿನ ಗೋಡಂಬಿ ತೋಟಗಳ ಕಥೆಯನ್ನೂ ನೆನಪಿಸುತ್ತದೆ.

ಇವೆಲ್ಲವನ್ನೂ ಹಿಡಿದಿಡುವ ಎಳೆ ಒಂದೇ. ಒಂದು ಜೀವಕ್ಕೆ ಎಷ್ಟು ಬೆಲೆ ಎನ್ನುವುದನ್ನು ಅದರ ಮೈಕೈ, ಬುದ್ಧಿ ಎಷ್ಟು ಕೆಲಸಕ್ಕೆ ಬರುತ್ತವೆ ಎಂಬುದರಿಂದ ತೂಗುವ ಅಭ್ಯಾಸ ಅದು. ಈ ತಕ್ಕಡಿಯಲ್ಲಿ ದನವನ್ನೂ ತೂಗುತ್ತೇವೆ, ಮನುಷ್ಯನನ್ನೂ ತೂಗುತ್ತೇವೆ.

ದಾರಿ ತೋರುವ ನಾಯಿ

ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಲೋಯಿಸ್ ಮೆರಿಹ್ಯೂ ಮತ್ತು ಡಾನ್ ಡೊನಾಲ್ಡ್‌ಸನ್ ಲಾಸ್ ಗ್ಯಾಟೋಸ್‌ನ ಬಾಡಿಗೆ ಮನೆಯೊಂದರಲ್ಲಿ 'ಗೈಡ್ ಡಾಗ್ಸ್ ಫಾರ್ ದ ಬ್ಲೈಂಡ್' ಸಂಸ್ಥೆಯನ್ನು ಶುರುಮಾಡಿದರು. ಮೊದಲು ತಯಾರಾದ ನಾಯಿಗಳಲ್ಲಿ ಒಂದರ ಹೆಸರು ಬ್ಲಾಂಡಿ. ಈ ಜರ್ಮನ್ ಶೆಫರ್ಡ್ ಯಾವ ದೊಡ್ಡ ತಳಿಗಾರನ ಮನೆಯದೂ ಅಲ್ಲ, ಪಸಡೀನಾ ಊರಿನ ನಾಯಿದೊಡ್ಡಿಯಿಂದ ತಂದದ್ದು. ಯಾರಿಗೂ ಬೇಡವಾಗಿ ದೊಡ್ಡಿ ಸೇರಿದ್ದ ನಾಯಿ ಸಾರ್ಜೆಂಟ್ ಲಿಯೊನಾರ್ಡ್ ಫೋಕ್ ಅವರ ಕಣ್ಣಾಯಿತು. ಸಂಸ್ಥೆ 1947ರಲ್ಲಿ ಉತ್ತರದ ಸ್ಯಾನ್ ರಫೇಲ್‌ಗೆ ಹೋಯಿತು, ಮುಂದೆ ತನ್ನದೇ ತಳಿಗಳನ್ನು ಬೆಳೆಸತೊಡಗಿತು. ಈಗ ಅಲ್ಲಿ ಹೆಚ್ಚಿನವು ಲ್ಯಾಬ್ರಡಾರ್‌ಗಳು. ನಾಯಿಗಾಗಿ ಅಂಧರಿಂದ ಹಣ ತೆಗೆದುಕೊಳ್ಳುವುದಿಲ್ಲ.

ಈ ನಾಯಿ ಮಾಡುವ ಕೆಲಸದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಸಿಗ್ನಲ್ಲಿನ ಬಣ್ಣ ನೋಡಿ ರಸ್ತೆ ದಾಟಿಸುವುದು ನಾಯಿಯಲ್ಲ. ಫುಟ್‌ಪಾತಿನ ಅಂಚಿಗೆ ಬಂದು ಅದು ನಿಲ್ಲುತ್ತದೆ. ವಾಹನಗಳ ಸದ್ದು ಯಾವ ಕಡೆಗೆ ಹರಿಯುತ್ತಿದೆ ಎಂದು ಕಿವಿಗೊಟ್ಟು ಕೇಳಿ, ದಾಟುವ ಹೊತ್ತನ್ನು ತೀರ್ಮಾನಿಸುವವರು ನಾಯಿಯ ಮೈಪಟ್ಟಿಯ ಹಿಡಿ ಹಿಡಿದವರೇ. ಅವರು 'ಮುಂದೆ' ಎಂದಾಗಲೂ ತಿರುವಿನಿಂದ ಕಾರೊಂದು ನುಗ್ಗಿ ಬಂದರೆ ನಾಯಿ ಮಾತು ಕೇಳಕೂಡದು. ಕಾಲೂರಿ ನಿಲ್ಲಬೇಕು, ಬೇಕಿದ್ದರೆ ಅಡ್ಡ ಬರಬೇಕು. ಮಾತು ಮೀರುವುದನ್ನೇ ಕಲಿಸುವ ತರಬೇತಿ ಇದು. ಸದ್ದಿಲ್ಲದೆ ಬರುವ ಎಲೆಕ್ಟ್ರಿಕ್ ಕಾರುಗಳು ಸಿಲಿಕಾನ್ ಕಣಿವೆಯ ರಸ್ತೆಗಳನ್ನು ತುಂಬಿದ ಮೇಲೆ ಈ ಪಾಠದ ಬೆಲೆ ಇನ್ನೂ ಹೆಚ್ಚಿದೆ.

ದೃಷ್ಟಿಯಾಚೆಗಿನ ನೆರವಿಗೂ ನಾಯಿಯನ್ನು ಪಳಗಿಸಬಹುದು ಎಂಬ ಯೋಚನೆ 1975ರಲ್ಲಿ ಸಾಂಟಾ ರೋಸಾದಲ್ಲಿ ಬಾನಿ ಬರ್ಗಿನ್ ಅವರಿಂದ ಬಂತು. ಟರ್ಕಿಯಲ್ಲಿದ್ದಾಗ ಅವರು ಅಂಗವೈಕಲ್ಯವಿದ್ದವರು ಕತ್ತೆಯ ಮೇಲೆ ಭಾರ ಊರಿಕೊಂಡು ಓಡಾಡಿ ವ್ಯಾಪಾರ ಮಾಡುವುದನ್ನು ಕಂಡಿದ್ದರಂತೆ. ಕತ್ತೆ ಮಾಡುವುದನ್ನು ನಾಯಿ ಏಕೆ ಮಾಡಬಾರದು? ಹೀಗೆ ಹುಟ್ಟಿದ 'ಕೆನೈನ್ ಕಂಪ್ಯಾನಿಯನ್ಸ್' ಬಿದ್ದ ಕೀಲಿಕೈ ಎತ್ತಿಕೊಡುವ, ದೀಪದ ಸ್ವಿಚ್ ಒತ್ತುವ, ಬಾಗಿಲು ಎಳೆಯುವ ನಾಯಿಗಳನ್ನು ತಯಾರು ಮಾಡಿತು. ಇವತ್ತು ಸರ್ವಿಸ್ ಡಾಗ್ ಎಂದು ಜಗತ್ತೆಲ್ಲ ಕರೆಯುವುದರಲ್ಲಿ ಹೆಚ್ಚಿನ ಪಾಲು ಈ ಕೊಲ್ಲಿ ಪ್ರದೇಶದ ಕೊಡುಗೆ.

ಇಲ್ಲಿಯೇ ಮೊದಲ ನೈತಿಕ ತೊಡಕೂ ಇದೆ. ಈ ನಾಯಿ ಹುಟ್ಟುವ ಮೊದಲೇ ಅದರ ಕೆಲಸ ಗೊತ್ತಾಗಿರುತ್ತದೆ. ಮರಿಯಾಗಿದ್ದಾಗ ಒಂದು ಸ್ವಯಂಸೇವಕ ಕುಟುಂಬದಲ್ಲಿ ವರ್ಷಕ್ಕೂ ಮಿಕ್ಕಿ ಬೆಳೆದು, ಅವರನ್ನು ಬಿಟ್ಟು ಶಾಲೆ ಸೇರುತ್ತದೆ. ಪರೀಕ್ಷೆಯಲ್ಲಿ ಫೇಲಾದರೆ ಸಾಕುನಾಯಿಯಾಗಿ ಇನ್ನೊಂದು ಮನೆಗೆ. ಪಾಸಾದರೆ ಹಲವು ವರ್ಷ ದುಡಿದು ನಿವೃತ್ತಿ. ಇದು ಗೆಳೆತನವೋ ಜೀತವೋ ಎಂದು ಪ್ರಾಣಿಪರರು ಕೇಳುವುದುಂಟು. ಬೇಡದ ನಾಯಿಯನ್ನು ಕೊಲ್ಲುವ ದೊಡ್ಡಿಗಳಿರುವ ದೇಶದಲ್ಲಿ, ಕೆಲಸ ಮಾಡುವ ನಾಯಿಯೊಂದಕ್ಕೆ ವಿಮಾನದೊಳಗೂ ಮರ್ಯಾದೆ ಸಿಗುವುದನ್ನು ನೋಡಿದರೆ ಪ್ರಶ್ನೆ ಸುಳ್ಳೆನಿಸುವುದಿಲ್ಲ. ಆದರೆ ಅದರ ಉತ್ತರವನ್ನು ಹಿಡಿ ಹಿಡಿದು ನಡೆಯುವವರನ್ನು ಹೊರಗಿಟ್ಟು ಹೇಳಲಾಗದು.

ಅಂಗಡಿಯವರು ಕೇಳಬಹುದಾದ ಎರಡು ಪ್ರಶ್ನೆ

ಊರಿಂದ ಬಂದ ಅಪ್ಪ-ಅಮ್ಮಂದಿರು ಎಲ್ ಕಮೀನೊ ರಸ್ತೆಯ ಇಂಡಿಯನ್ ಹೋಟೆಲಿನಲ್ಲಿ ಮೇಜಿನ ಕೆಳಗೆ ಮಲಗಿದ ನಾಯಿಯನ್ನು ಕಂಡು ಹುಬ್ಬೇರಿಸುವುದುಂಟು. 1990ರ ಅಮೆರಿಕದ ಅಂಗವೈಕಲ್ಯ ಕಾಯಿದೆಯಲ್ಲಿ ಅದಕ್ಕೆ ಅವಕಾಶವಿದೆ. ನೋಡಿದಾಗಲೇ ಸ್ಪಷ್ಟವಾಗದಿದ್ದರೆ ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಬೇಕಾದ ನಾಯಿಯೇ? ಯಾವ ಕೆಲಸಕ್ಕೆ ಅದನ್ನು ಪಳಗಿಸಲಾಗಿದೆ? ಕಾಯಿಲೆ ಏನೆಂದು ಕೇಳುವಂತಿಲ್ಲ, ಕಾಗದಪತ್ರ ಕೇಳುವಂತಿಲ್ಲ. 2011ರಲ್ಲಿ ಜಾರಿಯಾದ ನಿಯಮಗಳ ಪ್ರಕಾರ ನಾಯಿಗೆ ಮಾತ್ರ ಈ ಸ್ಥಾನ, ಜೊತೆಗೆ ಕೆಲವು ಸಂದರ್ಭದಲ್ಲಿ ಗಿಡ್ಡ ತಳಿಯ ಕುದುರೆಗೆ. ಮನಸ್ಸಿನ ನೆಮ್ಮದಿಗಾಗಿ ಜೊತೆಗಿರುವ, ವಿಶೇಷ ತರಬೇತಿಯಿಲ್ಲದ ಪ್ರಾಣಿಗೆ ಅಂಗಡಿ, ಹೋಟೆಲಿನಲ್ಲಿ ಈ ಹಕ್ಕಿಲ್ಲ. ವಿಮಾನಗಳಲ್ಲೂ 2021ರಿಂದ ಅವನ್ನು ಸಾಕುಪ್ರಾಣಿ ಎಂದೇ ಎಣಿಸಬಹುದು. ಆನ್‌ಲೈನಿನಲ್ಲಿ ಕೆಂಪು ಕವಚ ಕೊಂಡು ಮುದ್ದಿನ ನಾಯಿಗೆ ತೊಡಿಸುವವರು ಹೆಚ್ಚಾದ್ದರಿಂದ ಕ್ಯಾಲಿಫೋರ್ನಿಯಾ 2022ರಲ್ಲಿ ಇಂಥ ಮಾರಾಟದ ಮೇಲೂ ಪ್ರಮಾಣಪತ್ರಗಳ ಮೇಲೂ ಕಟ್ಟುಪಾಡು ತಂದಿತು. ಸುಳ್ಳು ಕವಚದ ತರಲೆ ನಾಯಿಗಳಿಂದ ತೊಂದರೆಯಾಗುವುದು ನಿಜವಾಗಿ ದಾರಿ ಕಾಣದವರಿಗೆ.

ಬರ್ಕ್ಲಿ, ಸಿಂಗರ್ ಮತ್ತು ಗುಂಡೇಟು ತಿಂದ ನರಿ

ಪೋಲಿಯೊದಿಂದ ಕುತ್ತಿಗೆಯ ಕೆಳಗೆ ಬಹುತೇಕ ಸ್ವಾಧೀನ ತಪ್ಪಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದಾಗ ಹಾಸ್ಟೆಲಿನಲ್ಲಿ ಅವರ ಉಸಿರಾಟದ ಯಂತ್ರಕ್ಕೆ ಜಾಗವಿರಲಿಲ್ಲ. ಅವರು ಕ್ಯಾಂಪಸ್ಸಿನ ಆಸ್ಪತ್ರೆಯಲ್ಲಿ ಇದ್ದುಕೊಂಡು ಓದಿದರು. ಅವರೂ ಗೆಳೆಯರೂ 1972ರಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿದರು. 1977ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೊದ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸುಮಾರು ನಾಲ್ಕು ವಾರ ಧರಣಿ ಕೂತು, ತಾರತಮ್ಯ ತಡೆಯುವ 504ನೆಯ ಕಲಮಿನ ನಿಯಮಗಳಿಗೆ ಸಹಿ ಹಾಕಿಸಿಕೊಂಡರು. ಒಳಗಿದ್ದವರಿಗೆ ಬಿಸಿಯೂಟ ತಂದುಕೊಟ್ಟವರು ಓಕ್‌ಲೆಂಡಿನ ಬ್ಲ್ಯಾಕ್ ಪ್ಯಾಂಥರ್ ಕಾರ್ಯಕರ್ತರು.

ಅದೇ ಹೊತ್ತಿನಲ್ಲಿ ಪ್ರಾಣಿ ಹಕ್ಕಿನ ಚಳವಳಿಗೂ ಬಲ ಬಂತು. ತತ್ವಜ್ಞಾನಿ ಪೀಟರ್ ಸಿಂಗರ್ ಅವರ 'ಅನಿಮಲ್ ಲಿಬರೇಶನ್' ಬಂದದ್ದು 1975ರಲ್ಲಿ. ಅವರ ವಾದದ ಒಂದು ಮುಖ್ಯ ಕೊಂಡಿ ಹೀಗಿದೆ. ಬುದ್ಧಿ ಕಡಿಮೆ ಎಂಬ ಕಾರಣಕ್ಕೆ ಹಂದಿಯನ್ನು ಹಿಂಸಿಸುವುದು ಸರಿಯಾದರೆ, ಅಷ್ಟೇ ಬುದ್ಧಿಶಕ್ತಿಯ ಮನುಷ್ಯನ ವಿಷಯದಲ್ಲೂ ಅದು ಸರಿಯಾಗಬೇಕು. ಹಾಗಾಗದು ಎನ್ನುವುದಾದರೆ ಹಂದಿಯನ್ನೂ ಬಿಡಿ. ಹಂದಿಯ ಪರವಾದ ಈ ವಾದದಲ್ಲಿ ಬುದ್ಧಿಮಾಂದ್ಯತೆ ಇರುವವರು ಉದಾಹರಣೆಯಾಗಿ ಬಂದುಹೋಗುತ್ತಾರೆ. ಅಷ್ಟಕ್ಕೇ ನಿಲ್ಲದೆ ಸಿಂಗರ್, ತೀವ್ರ ಅಂಗವೈಕಲ್ಯದೊಂದಿಗೆ ಹುಟ್ಟಿದ ಕೂಸುಗಳ ಸಾವನ್ನು ತಂದೆತಾಯಿ ಆಯ್ದುಕೊಳ್ಳಬಹುದಾದ ಸಂದರ್ಭಗಳಿವೆ ಎಂದೂ ಬರೆದರು. 1999ರಲ್ಲಿ ಅವರು ಪ್ರಿನ್ಸ್‌ಟನ್‌ಗೆ ಬಂದಾಗ ಗಾಲಿಕುರ್ಚಿಗಳು ಗೇಟಿಗೆ ಅಡ್ಡ ನಿಂತವು. ಅಂಗವೈಕಲ್ಯವಿದ್ದ ವಕೀಲೆ ಹ್ಯಾರಿಯೆಟ್ ಮೆಕ್‌ಬ್ರೈಡ್ ಜಾನ್ಸನ್ ಅವರು ಪ್ರಿನ್ಸ್‌ಟನ್‌ಗೇ ಹೋಗಿ ಸಿಂಗರ್ ಜೊತೆ ವಾದಿಸಿ, ಆ ಅನುಭವವನ್ನು 2003ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನಲ್ಲಿ ಬರೆದರು. ತಾನು ಇರಬೇಕೋ ಬೇಡವೋ ಎಂಬ ಚರ್ಚೆಗೆ ತಾನೇ ಅತಿಥಿಯಾಗಿ ಹೋಗಿ ಕೂರುವುದಕ್ಕೆ ಬಹಳ ಎದೆಗಾರಿಕೆ ಬೇಕು. ಎರಡು ಚಳವಳಿಗಳ ನಡುವೆ ಗೋಡೆ ಎದ್ದದ್ದು ಹೀಗೆ.

ಆ ಗೋಡೆಯಲ್ಲಿ ಬಾಗಿಲು ಕೊರೆದವರಲ್ಲಿ ಸುನೌರಾ ಟೇಲರ್ ಪ್ರಮುಖರು. 1982ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಹುಟ್ಟಿದ ಅವರಿಗೆ ಕೀಲುಗಳು ಹುಟ್ಟಿನಿಂದಲೇ ಬಿಗಿದುಕೊಳ್ಳುವ ಆರ್ತ್ರೊಗ್ರೈಪೋಸಿಸ್ ಇದೆ. ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುತ್ತಾರೆ, ಈಗ ಬರ್ಕ್ಲಿಯಲ್ಲಿ ಪ್ರಾಧ್ಯಾಪಕಿ. ಚಿಕ್ಕಂದಿನಲ್ಲಿ ಉಳಿದ ಮಕ್ಕಳು 'ಮಂಗನ ಹಾಗೆ ನಡೀತಾಳೆ' ಎಂದು ಛೇಡಿಸುತ್ತಿದ್ದರು. ದೊಡ್ಡವರಾದ ಮೇಲೆ ಅವರು ಕೇಳಿದ್ದು ಬೇರೆಯೇ ಪ್ರಶ್ನೆ: ಮಂಗನಂತೆ ಎನ್ನುವುದು ಬೈಗುಳವಾಗಲು ಮಂಗ ಮಾಡಿದ ತಪ್ಪೇನು? 2017ರಲ್ಲಿ ಬಂದ ಅವರ 'ಬೀಸ್ಟ್ಸ್ ಆಫ್ ಬರ್ಡನ್' ಈ ಕ್ಷೇತ್ರದಲ್ಲಿ ಎಲ್ಲರೂ ಎದುರುಗೊಳ್ಳಬೇಕಾದ ಪುಸ್ತಕ.

ಅದರಲ್ಲಿ ಕೆನಡಾದ ನರಿಯೊಂದರ ಪ್ರಸಂಗವಿದೆ. ವಿಚಿತ್ರವಾಗಿ ಹೆಜ್ಜೆ ಹಾಕುತ್ತಿದ್ದ ನರಿಯನ್ನು ಯಾರೋ ಕಾಯಿಲೆಯದ್ದೆಂದು ಬಗೆದು ಗುಂಡಿಕ್ಕಿದರು. ಕೊಯ್ದು ನೋಡಿದಾಗ ಅದಕ್ಕಿದ್ದದ್ದು ಟೇಲರ್ ಅವರಿಗಿರುವ ಆರ್ತ್ರೊಗ್ರೈಪೋಸಿಸ್ಸೇ. ಆದರೆ ಹೊಟ್ಟೆ ಆಹಾರದಿಂದ ತುಂಬಿತ್ತು. ಸೊಟ್ಟ ಕಾಲಿನ ನರಿ ತನ್ನ ಬೇಟೆ ತಾನು ಆಡಿಕೊಂಡು ಬದುಕಿತ್ತು, ಗುಂಡು ಹಾರಿಸಿದವರಿಗೆ ಕಂಡದ್ದು ಬರೀ ನರಳಾಟ. ಜಪಾನಿನ ಜಿಗೊಕುದಾನಿಯಲ್ಲಿ ಮೋಜು ಎಂಬ ಹೆಣ್ಣುಕೋತಿ ಊನವಾದ ಕೈಕಾಲಿನಲ್ಲೇ ಹಿಮದಲ್ಲಿ ತೆವಳಿ, ಮರಿ ಹೆತ್ತು ಸಾಕಿ, ದೀರ್ಘಕಾಲ ಬಾಳಿತು. ಕಾಡಿನಲ್ಲಿ ದುರ್ಬಲಕ್ಕೆ ಜಾಗವಿಲ್ಲ ಎಂದು ನಾವು ಖಚಿತವಾಗಿ ಹೇಳುವುದರಲ್ಲಿ ಕಾಡಿಗಿಂತ ನಮ್ಮ ನಂಬಿಕೆಯೇ ಹೆಚ್ಚು.

ಕುಂಟುವಂತೆ ಬೆಳೆಸಿದ ಪ್ರಾಣಿ

ಸಾಕಿದ ಪ್ರಾಣಿಗಳ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಊನವೇ ಉತ್ಪಾದನೆಯ ಭಾಗ. ಬ್ರಾಯ್ಲರ್ ಕೋಳಿ ಆರು ವಾರದಲ್ಲಿ ಎರಡು ಕಿಲೋ ದಾಟುತ್ತದೆ. ಮಾಂಸ ಬೆಳೆದ ವೇಗದಲ್ಲಿ ಮೂಳೆ ಬೆಳೆಯದೆ ಎಷ್ಟೋ ಕೋಳಿಗಳಿಗೆ ಕಾಲು ಸೋಲುತ್ತದೆ. ಮೊಟ್ಟೆಕೋಳಿಯ ಮೈಯ ಸುಣ್ಣವೆಲ್ಲ ಮೊಟ್ಟೆಯ ಚಿಪ್ಪಿಗೆ ಹೋಗಿ ಎಲುಬು ಪುಟುಕ್ಕನೆ ಮುರಿಯುವಷ್ಟು ಟೊಳ್ಳಾಗುತ್ತದೆ. ಹಚ್ ಮೊಬೈಲಿನ ಜಾಹೀರಾತಿನಿಂದ ನಮ್ಮ ಮನೆಮನೆಗೂ ಬಂದ ಪಗ್ ನಾಯಿಯ ಗೊರಕೆಯನ್ನು ಮುದ್ದು ಎನ್ನುತ್ತೇವೆ. ಚಪ್ಪಟೆ ಮುಖ ಬೇಕೆಂದು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದರಿಂದ ಆ ನಾಯಿಗೆ ಉಸಿರಾಡುವುದೇ ಕಷ್ಟ. ಒಡಹುಟ್ಟುಗಳನ್ನೇ ಕೂಡಿಸಿ ಮರಿ ಮಾಡಿಸುವ ಕಳ್ಳ ತಳಿಗಾರರ ದಂಧೆಯನ್ನು 2022ರ '777 ಚಾರ್ಲಿ' ಸಿನಿಮಾ ಕನ್ನಡದ ದೊಡ್ಡ ಪ್ರೇಕ್ಷಕವರ್ಗಕ್ಕೆ ತೋರಿಸಿತು. ಚಿತ್ರಮಂದಿರದಿಂದ ಕಣ್ಣೊರೆಸಿಕೊಂಡು ಬಂದವರಲ್ಲಿ ಎಷ್ಟು ಮಂದಿ ಮರಿ ಕೊಳ್ಳುವ ಮುನ್ನ ಅದರ ತಾಯಿಯನ್ನು ನೋಡಬೇಕೆಂದರೋ!

ಕ್ಯಾಲಿಫೋರ್ನಿಯಾದ ಚೀನೊ ಎಂಬ ಊರಿನ ಕಸಾಯಿಖಾನೆಯಲ್ಲಿ ರಹಸ್ಯವಾಗಿ ತೆಗೆದ ವಿಡಿಯೊ 2008ರ ಜನವರಿಯಲ್ಲಿ ಹೊರಬಂತು. ಏಳಲಾರದೆ ಬಿದ್ದ ಹಸುಗಳನ್ನು ಫೋರ್ಕ್‌ಲಿಫ್ಟಿನಿಂದ ನೂಕುತ್ತಿದ್ದರು, ಕರೆಂಟಿನ ಕೋಲಿನಿಂದ ತಿವಿಯುತ್ತಿದ್ದರು. ಕಾಲ ಮೇಲೆ ನಿಲ್ಲದ ಹಸು ಮಾಂಸದ ತಪಾಸಣೆಯಲ್ಲಿ ಪಾಸಾಗುವುದಿಲ್ಲವಲ್ಲ! ಫೆಬ್ರವರಿಯಲ್ಲಿ ಸುಮಾರು 6.5 ಕೋಟಿ ಕಿಲೋ ಮಾಂಸವನ್ನು ವಾಪಸು ಕರೆಸಿದರು. ಅದರಲ್ಲಿ ಶಾಲಾಮಕ್ಕಳ ಊಟಕ್ಕೆ ಹೋದದ್ದೂ ಇತ್ತು. 2009ರಲ್ಲಿ ಕೇಂದ್ರ ಕೃಷಿ ಇಲಾಖೆ ನಡೆಯಲಾರದ ದೊಡ್ಡ ದನಗಳನ್ನು ಆಹಾರಕ್ಕೆ ಕಡಿಯುವುದನ್ನು ನಿಲ್ಲಿಸಿತು. ಹಂದಿಗಳಿಗೂ ಅದೇ ರಕ್ಷಣೆ ಕೊಟ್ಟ ಕ್ಯಾಲಿಫೋರ್ನಿಯಾ ಕಾನೂನನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಒಮ್ಮತದಿಂದ ತಳ್ಳಿಹಾಕಿತು. ಮಾಂಸ ತಪಾಸಣೆ ಕೇಂದ್ರದ ಅಧಿಕಾರ, ರಾಜ್ಯ ಕೈಹಾಕುವಂತಿಲ್ಲ ಎಂಬುದು ಕಾರಣ. ರಾಜ್ಯದ ಮತದಾರರು 2018ರಲ್ಲಿ ಒಪ್ಪಿದ 12ನೆಯ ಪ್ರಸ್ತಾಪ ಮಾತ್ರ ಉಳಿಯಿತು: ಮರಿಹಾಕುವ ಹಂದಿಯೊಂದಕ್ಕೆ 24 ಚದರಡಿ ಜಾಗ. 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬಿದ್ದ ಹಸುವಿನ ಪ್ರಕರಣದಲ್ಲಿ ದೇಶ ಗಾಬರಿಯಾದದ್ದು ಹೆಚ್ಚಾಗಿ ತಟ್ಟೆಯ ಮಾಂಸದ ಬಗ್ಗೆ ಎನ್ನುವುದನ್ನು ಮರೆಯುವಂತಿಲ್ಲ.

ಊರಿನ ದನದ ಲೆಕ್ಕ

ನಮ್ಮಲ್ಲಿ ಇದೇ ತಕ್ಕಡಿ ಕಾನೂನಿನ ಪುಸ್ತಕದಲ್ಲೇ ಇತ್ತು. ಕರ್ನಾಟಕದ 1964ರ ಕಾಯಿದೆ ಹಸುವನ್ನು ಕಾಪಾಡಿತು. ಎತ್ತು, ಹೋರಿ, ಎಮ್ಮೆ, ಕೋಣಗಳನ್ನು ಮಾತ್ರ 12 ವರ್ಷ ಮೀರಿದ್ದರೆ, ಇಲ್ಲವೇ ಪೆಟ್ಟು, ಊನದಿಂದ ಉಳುವುದಕ್ಕೂ ಹಾಲಿಗೂ ತಳಿಗೂ ಶಾಶ್ವತವಾಗಿ ಬಾರದಂತಾಗಿದ್ದರೆ ಕಡಿಯಬಹುದಿತ್ತು. ಊನವೇ ಪರವಾನಗಿ. 2021ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಆ ದಾರಿ ಮುಚ್ಚಿ, 13 ವರ್ಷ ಮೀರಿದ ಎಮ್ಮೆ-ಕೋಣಗಳನ್ನು ಹೊರಗಿಟ್ಟಿತು. ಕೊಲ್ಲಬಾರದು ಎಂದು ಬರೆಯುವುದು ಸುಲಭ. ಮಿಶ್ರತಳಿಯ ಗಂಡುಕರುವಿಗೆ ಹುಲ್ಲು ಯಾರು ಹಾಕಬೇಕು ಎಂಬುದು ಕಷ್ಟದ ಪ್ರಶ್ನೆ. ಹಾಲಿಲ್ಲ, ನೇಗಿಲಿಗೂ ಒಗ್ಗದು, ಆದ್ದರಿಂದ ರಾತ್ರೋರಾತ್ರಿ ಊರಾಚೆ ಬಿಟ್ಟುಬರುವುದು.

ಚಾಮುಂಡಿಬೆಟ್ಟದ ಬುಡದ ಮೈಸೂರು ಪಿಂಜರಾಪೋಲಿನಂಥ ಸಂಸ್ಥೆಗಳು ಮುದಿ, ಕುಂಟು, ಗೊಡ್ಡು ದನಗಳಿಗೆ ಜಾಗ ಕೊಡುತ್ತ ಬಂದಿವೆ. ಬೆಂಗಳೂರಿನ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್‌ಗೆ ಹೆಸರು ಬಂದದ್ದು ಮೂರು ಕಾಲಿನ ಬೀದಿನಾಯಿಯಿಂದ. ಇನ್ನೊಂದು ಕಡೆ, ಭುಜದ ಮೇಲೆ ಹೆಚ್ಚಿನ ಕಾಲೊಂದು ಜೋತಾಡುವ ದನಕ್ಕೆ ಜೂಲು ಹೊದಿಸಿ, ಗೆಜ್ಜೆ ಕಟ್ಟಿ, ಐದು ಕಾಲಿನ ಬಸವ ಎಂದು ಜಾತ್ರೆಯಲ್ಲಿ ಮೆರೆಸುವುದನ್ನೂ ಕಂಡಿದ್ದೇವೆ. ಹೆಂಗಸರು ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಹುಡುಗರು ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ, ಬಸವ ಬಿಸಿ ಡಾಂಬರಿನ ಮೇಲೆ ಕಾಲು ಬದಲಿಸುತ್ತ ನಿಂತಿರುತ್ತದೆ. ಅಮೆರಿಕದಲ್ಲಿ ಟಿಕೆಟ್ಟು ಇಟ್ಟು ವಿಚಿತ್ರ ದೇಹದ ಮನುಷ್ಯರನ್ನು ತೋರಿಸುತ್ತಿದ್ದ ಪ್ರದರ್ಶನಗಳಿಗೆ ಹೋಲಿಸಿದರೆ ಇಲ್ಲಿ ಭಕ್ತಿ ಇದೆ ನಿಜ. ಪೂಜೆಯಿಂದ ಬಸವನ ಕಾಲುನೋವು ಹೋಗುವುದಿಲ್ಲ ಎನ್ನುವುದೂ ಅಷ್ಟೇ ನಿಜ.

ಒಂದೇ ವಿಷ, ಎರಡು ಜೀವ

ಅಂಗವೈಕಲ್ಯಕ್ಕೂ ಪ್ರಾಣಿಗಳಿಗೂ ಇರುವ ಸಂಬಂಧ ತತ್ವಶಾಸ್ತ್ರದ ತರಗತಿಯಿಂದ ಹೊರಗೆ, ಹಟ್ಟಿ ಅಂಗಳದಲ್ಲಿ ಕಾಣಿಸಿದ್ದು ಕಾಸರಗೋಡಿನ ಎಣ್ಮಕಜೆಯಲ್ಲಿ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೋಡಂಬಿ ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿತು. ಬಾವಿಗಳನ್ನು ಮುಚ್ಚಿಕೊಳ್ಳಿ ಎಂದು ಊರಿಗೆ ಸೂಚನೆ. ಗುಡ್ಡ ಕೊರೆದ ಸುರಂಗದ ನೀರು ತೆರೆದ ಮಣ್ಣಿನ ಕೊಳಕ್ಕೆ ಬೀಳುವ ಸೀಮೆ ಅದು. ಸುರಂಗಕ್ಕೆ ಯಾವ ಮುಚ್ಚಳ ಹಾಕುವುದು? ದನ ಮೇಯುವ ಗುಡ್ಡಕ್ಕೆ ಯಾವ ಹೊದಿಕೆ?

ಮೊದಲು ಸುದ್ದಿ ಕೊಟ್ಟವು ಪ್ರಾಣಿಗಳೇ. ಜೇನು ಹೋಯಿತು, ತೋಡಿನ ಮೀನು ಕಪ್ಪೆ ಸತ್ತವು, ಕಾಲು ತಿರುಚಿದ ಕರುಗಳು ಹುಟ್ಟಿದವು. ಮುಂದೆ ಅಡಿಕೆ ಪತ್ರಿಕೆಯ ಸಂಪಾದಕರಾಗಿ, ಮಳೆನೀರಿನ ಬರಹಗಾರರಾಗಿ ಹೆಸರಾದ ಶ್ರೀಪಡ್ರೆಯವರು ತಮ್ಮೂರಿನ ಇಂಥ ಕರುಗಳನ್ನು ಕಂಡು, ಸಿಂಪಡಣೆಯೊಂದಿಗೆ ತಾಳೆ ಹಾಕಿ 1981ರಲ್ಲೇ ಬರೆದರು. ಆಮೇಲೆ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ದವಾಖಾನೆಗೆ ಬರುವ ಮಕ್ಕಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಅಂಗ ಊನ ಮಿತಿಮೀರಿರುವುದನ್ನು ಗುರುತಿಸಿ ಬರೆಯತೊಡಗಿದರು. ಕರುಗಳು ಕೊಟ್ಟ ಎಚ್ಚರಿಕೆಗೂ ಸಿಂಪಡಣೆ ನಿಂತದ್ದಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷ ಕಳೆಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಕರ್ನಾಟಕದ ಗೋಡಂಬಿ ನಿಗಮದ ತೋಟಗಳ ಸುತ್ತಲೂ ಅದೇ ಕಥೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು.

ಇಂಥದೇ ಕಥೆ ಅರಿಜೋನಾದ ಟೂಸಾನ್‌ನಲ್ಲೂ ಇದೆ. ಅಲ್ಲಿ ಹ್ಯೂಸ್ ಕಂಪನಿಯ ಕ್ಷಿಪಣಿ ಕಾರ್ಖಾನೆ ಲೋಹ ತೊಳೆಯಲು ಬಳಸಿದ ಟ್ರೈಕ್ಲೋರೋಎಥಿಲೀನ್, ಟಿಸಿಇ, ಅಂತರ್ಜಲ ಸೇರಿತ್ತು. 1981ರಲ್ಲಿ ಅಲ್ಲಿನ ಬಾವಿಗಳನ್ನು ಮುಚ್ಚಲಾಯಿತು. ಸುನೌರಾ ಟೇಲರ್ ಹುಟ್ಟಿದ್ದು ಮರುವರ್ಷ, ಅದೇ ಊರಿನಲ್ಲಿ. 2024ರ 'ಡಿಸೇಬಲ್ಡ್ ಇಕಾಲಜೀಸ್' ಪುಸ್ತಕದಲ್ಲಿ ಅವರು ಆ ಅಂತರ್ಜಲವನ್ನೂ ಗಾಯಗೊಂಡ ದೇಹವೆಂದೇ ಕಾಣುತ್ತಾರೆ. ಟಿಸಿಇ ಸನ್ನಿವೇಲ್‌ಗೂ ಅಪರಿಚಿತವಲ್ಲ. ಎಎಂಡಿ, ಸಿಗ್ನೆಟಿಕ್ಸ್, ಟಿಆರ್‌ಡಬ್ಲ್ಯು ಮೈಕ್ರೋವೇವ್ ಕಾರ್ಖಾನೆಗಳ ಜಾಗಗಳು ಸೂಪರ್‌ಫಂಡ್ ಶುದ್ಧೀಕರಣಕ್ಕೆ ಒಳಪಟ್ಟಿವೆ. ಅಲ್ಲಿಂದ ಹರಡಿದ ದ್ರಾವಕ ಡ್ವೇನ್ ಅವೆನ್ಯೂ ಆಚೆಗಿನ ವಸತಿಯ ಕೆಳಗೂ ಇರುವುದರಿಂದ ನೆಲದಿಂದ ಮನೆಯೊಳಕ್ಕೆ ಆವಿ ಏರುತ್ತದೆಯೇ ಎಂದು ಅಮೆರಿಕದ ಪರಿಸರ ಸಂಸ್ಥೆ ಪರೀಕ್ಷೆ ನಡೆಸಿದೆ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಇಂಥ 23 ಜಾಗಗಳಿವೆ, ಅಮೆರಿಕದ ಬೇರಾವ ಕೌಂಟಿಯಲ್ಲೂ ಇಷ್ಟಿಲ್ಲ. ಲಕ್ಷಾಂತರ ಡಾಲರಿನ ಮನೆ ನೋಡಲು ಹೋದಾಗ ಏಜೆಂಟರು ಶಾಲೆಯ ಅಂಕ ಹೇಳುವ ಹುರುಪಿನಲ್ಲಿ ಇದನ್ನು ಹೇಳುವುದಿಲ್ಲ.

ಬಗೆಹರಿಯದ ತಕರಾರು

ಅಂಗವಿಕಲರಲ್ಲಿ ಅನೇಕರಿಗೆ ಪ್ರಾಣಿಗಳೊಂದಿಗಿನ ಹೋಲಿಕೆಯೇ ಬೇಡ. ಶತಮಾನಗಳ ಕಾಲ ಪ್ರಾಣಿಯೆಂದು ಕರೆಸಿಕೊಂಡವರಿಗೆ ಈಗ ಅದನ್ನೇ ಒಗ್ಗಟ್ಟಿನ ಹೆಸರಲ್ಲಿ ಒಪ್ಪಿಕೊಳ್ಳಿ ಎನ್ನುವುದು ಸುಲಭದ ಮಾತಲ್ಲ. ನುಂಗಲು ಕಷ್ಟವಿರುವವರು, ಅಡುಗೆಗೆ ಇನ್ನೊಬ್ಬರ ಕೈ ಕಾಯಬೇಕಾದವರು ತಮಗೆ ಬೇಕಾದ ಊಟ ಆರಿಸಿಕೊಳ್ಳುವ ಸ್ಥಿತಿಯಲ್ಲೇ ಇರುವುದಿಲ್ಲ. ಅವರ ತಟ್ಟೆಯನ್ನು ನೋಡಿ ನೀತಿ ಹೇಳುವುದು ನನಗಂತೂ ಒರಟುತನವಾಗಿ ಕಾಣುತ್ತದೆ.

ಇನ್ನೂ ಬಿಡಿಸಲಾಗದ ಗಂಟು ಪ್ರಯೋಗಾಲಯದ್ದು. ಟೂಸಾನ್ ಕಣಿವೆಯಲ್ಲಿ ಹೃದಯದ ಊನದೊಂದಿಗೆ ಹುಟ್ಟಿದ ಮಕ್ಕಳಿಗೂ ಕಲುಷಿತ ಕುಡಿಯುವ ನೀರಿಗೂ ನಂಟಿದೆಯೆಂದು 1990ರಲ್ಲಿ ಅಧ್ಯಯನವೊಂದು ಹೇಳಿತು. ಅದರ ಬೆನ್ನಿಗೆ ಅರಿಜೋನಾದಲ್ಲಿ ಗಬ್ಬದ ಇಲಿಗಳಿಗೆ ಟಿಸಿಇ ಬೆರೆಸಿದ ನೀರು ಕುಡಿಸಿ, ಭ್ರೂಣಗಳ ಹೃದಯ ಕೊಯ್ದು ನೋಡಿದರು. 2003ರಲ್ಲಿ ಬಂದ ಆ ಫಲಿತಾಂಶವೇ ವರ್ಷಗಟ್ಟಲೆ ವಾಗ್ವಾದದ ಕೇಂದ್ರವಾಯಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಟಿಸಿಇ ನಿಷೇಧದ ನಿಯಮ ಹೊರಡಿಸಿತು. ಸನ್ನಿವೇಲ್‌ನ ಗರ್ಭಿಣಿಯ ಪರವಾಗಿ ಸಾಕ್ಷಿ ಹೇಳಿದ್ದು ಪಂಜರದ ಇಲಿ. ಔಷಧಗಳ ವಿಷಯದಲ್ಲಿ 2022ರ ಕೊನೆಯಲ್ಲಿ ಬಂದ ಕಾನೂನು, ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನ ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂಬ ಕಡ್ಡಾಯವನ್ನು ತೆಗೆದು, ಜೀವಕೋಶಗಳ ಮೇಲಿನ ಮತ್ತು ಕಂಪ್ಯೂಟರ್ ಮಾದರಿಗಳ ಪರೀಕ್ಷೆಗೂ ದಾರಿ ಬಿಟ್ಟಿದೆ. ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ಅದು ನಿಷೇಧಿಸಿಲ್ಲ.